ದಶಮಿಯ ಲೆಕ್ಕ: ಬನ್ನಿಮಂಟಪದ ನೆವದಲ್ಲಿ ಒಂದು ಟಿಪ್ಪಣಿ

2025ರ ಅಕ್ಟೋಬರ್ 2ರಂದು ಮೈಸೂರಿನಲ್ಲಿ ವಿಜಯದಶಮಿ. ಜಂಬೂಸವಾರಿ ಮುಗಿದು ಬನ್ನಿಮಂಟಪದ ಮೈದಾನದಲ್ಲಿ ಪಂಜಿನ ಕವಾಯತಿಗೆ ಜನ ಸೇರುವ ಹೊತ್ತಿಗೆ, ಜಗತ್ತಿನ ಯಹೂದಿಗಳ ಅತ್ಯಂತ ಗಂಭೀರವಾದ ಉಪವಾಸದ ದಿನ ಯೋಮ್ ಕಿಪ್ಪುರ್ ಕೂಡ ಕೊನೆಯ ಘಟ್ಟದಲ್ಲಿತ್ತು. ಅದು ಆರಂಭವಾದದ್ದು ಹಿಂದಿನ ಸಂಜೆ, ನಮ್ಮಲ್ಲಿ ಆಯುಧಪೂಜೆಯ ಕುಂಬಳಕಾಯಿ ಒಡೆದು ಮುಗಿಸಿದ್ದ ವೇಳೆಗೆ. ನಾಗಪುರದ ದೀಕ್ಷಾಭೂಮಿಯಲ್ಲಿ ಅದೇ ದಶಮಿಗೆ ಬೌದ್ಧರು ನೆರೆದಿದ್ದರು. 1956ರ ಅಕ್ಟೋಬರ್ 14ರಂದು, ಆ ವರ್ಷದ ವಿಜಯದಶಮಿಯ ದಿನ, ಅಂಬೇಡ್ಕರ್ ಲಕ್ಷಾಂತರ ಅನುಯಾಯಿಗಳೊಡನೆ ಬೌದ್ಧ ಧರ್ಮವನ್ನು ಸ್ವೀಕರಿಸಿದ್ದು ಅಲ್ಲಿಯೇ.

ಮೂರು ಧರ್ಮಗಳು ಒಂದೇ ದಿನ ಕೂಡಿದವು ಎಂದು ಬೆರಗಾಗಿ ಬರೆಯುವುದು ಸುಲಭ. ಈ ಟಿಪ್ಪಣಿಯ ಉದ್ದೇಶ ಅದಕ್ಕಿಂತ ಸಣ್ಣದು. ದಿನ ಕೂಡುವುದಕ್ಕೆ ಖಗೋಳದ ಕಾರಣವಿದೆ, ಅದನ್ನು ಮೊದಲು ನೋಡಬೇಕು. ಆಮೇಲೆ ಕೇಳಬೇಕಾದದ್ದು ಇದು: ಮನುಷ್ಯ ಮನುಷ್ಯನಿಗೆ ಮಾಡಿದ ತಪ್ಪನ್ನು, ಕಟ್ಟಿಕೊಂಡ ಹಗೆಯನ್ನು, ಈ ಋತುವಿನಲ್ಲಿ ಹಿಂದೂ, ಬೌದ್ಧ, ಯಹೂದಿ ಆಚರಣೆಗಳು ಹೇಗೆ ಚುಕ್ತಾ ಮಾಡುತ್ತವೆ? ಕರ್ಮ, ಕ್ಷಮೆ, ಪಶ್ಚಾತ್ತಾಪ ಎಂಬ ದೊಡ್ಡ ಪರಿಕಲ್ಪನೆಗಳನ್ನು ತತ್ತ್ವಗ್ರಂಥಗಳಿಂದ ಎತ್ತಿಕೊಂಡು ಹೋಲಿಸಿದರೆ ಎಲ್ಲವೂ ಎಲ್ಲವನ್ನೂ ಹೋಲುವಂತೆ ಕಾಣಿಸುತ್ತದೆ. ಒಂದು ದಿನದ ಆಚರಣೆಯೊಳಗೆ ಇಟ್ಟು ನೋಡಿದರೆ ವ್ಯತ್ಯಾಸ ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.

ಪಂಚಾಂಗದ ಮಾತು ಮೊದಲು. ಯಹೂದಿ ಕಾಲಗಣನೆಯೂ ನಮ್ಮದರಂತೆ ಚಾಂದ್ರಸೌರ. ತಿಂಗಳು ಚಂದ್ರನದು, ವರ್ಷ ಸೂರ್ಯನದು. ತಿಶ್ರಿ ತಿಂಗಳ ಮೊದಲ ದಿನ ಅವರ ಹೊಸ ವರ್ಷ ರೋಶ್ ಹಶಾನಾ, ಹತ್ತನೆಯ ದಿನ ಯೋಮ್ ಕಿಪ್ಪುರ್. ಅಮಾವಾಸ್ಯೆಯ ನಂತರದ ಹತ್ತನೆಯ ದಿನವೆಂದರೆ ಶುಕ್ಲ ದಶಮಿಯೇ. ಹೀಗಾಗಿ 2022ರ ಅಕ್ಟೋಬರ್ 5, 2024ರ ಅಕ್ಟೋಬರ್ 12, 2025ರ ಅಕ್ಟೋಬರ್ 2, ಈ ಮೂರೂ ದಿನ ವಿಜಯದಶಮಿ ಮತ್ತು ಯೋಮ್ ಕಿಪ್ಪುರ್ ಎರಡೂ ಬಿದ್ದವು. ಆದರೆ 2021ರಲ್ಲಿ ಯೋಮ್ ಕಿಪ್ಪುರ್ ಸೆಪ್ಟೆಂಬರ್ 16ಕ್ಕೆ, ವಿಜಯದಶಮಿ ಅಕ್ಟೋಬರ್ 15ಕ್ಕೆ. 2023ರಲ್ಲಿ ಒಂದು ಸೆಪ್ಟೆಂಬರ್ 25ಕ್ಕೆ, ಇನ್ನೊಂದು ಅಕ್ಟೋಬರ್ 24ಕ್ಕೆ. ಕೂಡಿದರೆ ಒಂದೇ ದಿನ ಅಥವಾ ಒಂದೆರಡು ದಿನದ ಆಚೀಚೆ, ತಪ್ಪಿದರೆ ಸರಿಯಾಗಿ ಒಂದು ಚಾಂದ್ರಮಾಸದ ಅಂತರ. ನಡುವಿನ ಸ್ಥಿತಿಯೇ ಇಲ್ಲ.

ಕಾರಣ ಅಧಿಕಮಾಸದ ಲೆಕ್ಕದಲ್ಲಿದೆ. ಯಹೂದಿಗಳು 19 ವರ್ಷಗಳ ಚಕ್ರದಲ್ಲಿ 7 ಸಲ ಒಂದು ತಿಂಗಳು ಸೇರಿಸುತ್ತಾರೆ, ಅದೂ ವಸಂತಕ್ಕೆ ಮುಂಚಿನ ಅದಾರ್ ತಿಂಗಳನ್ನು ಮಾತ್ರ. ನಮ್ಮಲ್ಲಿ ಸಂಕ್ರಾಂತಿಯಿಲ್ಲದ ತಿಂಗಳು ಯಾವುದೋ ಅದೇ ಅಧಿಕ. ತುಲಾ ಸಂಕ್ರಮಣ ಯಾವ ಚಾಂದ್ರಮಾಸದಲ್ಲಿ ಬರುತ್ತದೋ ಅದು ನಿಜ ಆಶ್ವಯುಜ. ಆ ಸಂಕ್ರಮಣ ಈಗ ಅಕ್ಟೋಬರ್ 17ರ ಸುಮಾರಿಗೆ ಬರುವುದರಿಂದ ನವರಾತ್ರಿಯ ಪಾಡ್ಯ ಸೆಪ್ಟೆಂಬರ್ ನಡು ದಾಟಿದ ಮೇಲೆಯೇ ಬರಬೇಕು. ತಿಶ್ರಿಯ ಮೊದಲ ದಿನವಾದರೋ ಸೆಪ್ಟೆಂಬರ್ ಮೊದಲ ವಾರದಲ್ಲೇ ಬರಬಹುದು. ಹಾಗೆ ಬೇಗ ಬಂದ ವರ್ಷ ನವರಾತ್ರಿ ಒಂದು ತಿಂಗಳು ಹಿಂದುಳಿಯುತ್ತದೆ. ಶನಿವಾರದ ಸಬ್ಬತ್ತಿಗೆ ಒತ್ತಾಗಿ ಉಪವಾಸ ಬರಬಾರದೆಂದು ಯೋಮ್ ಕಿಪ್ಪುರ್ ಶುಕ್ರವಾರ ಮತ್ತು ಭಾನುವಾರ ಬೀಳದಂತೆ ಅವರು ದಿನವನ್ನು ಮುಂದೂಡುವ ನಿಯಮವಿದೆ. ಒಂದೆರಡು ದಿನದ ವ್ಯತ್ಯಾಸಕ್ಕೆ ಅದು ಕಾರಣ. ಎರಡೂವರೆ ವರ್ಷಕ್ಕೊಂದು ಅಧಿಕಮಾಸ ಬರುತ್ತದೆಂದು ಕೌಟಿಲ್ಯ ಹೇಳಿದ್ದಾನೆ. ಅಂದಮೇಲೆ ಇಲ್ಲಿ ಪವಾಡ ಹುಡುಕಬೇಕಾಗಿಲ್ಲ. ಸುಗ್ಗಿಗೂ ಚಂದ್ರನಿಗೂ ಹೊಂದಾಣಿಕೆ ಮಾಡಿಕೊಂಡ ಎರಡು ಹಳೆಯ ಲೆಕ್ಕಗಳು ಆಗಾಗ ಒಂದೇ ಉತ್ತರ ಕೊಡುತ್ತವೆ, ಅಷ್ಟೇ.

ಈಗ ಬನ್ನಿಮಂಟಪ. ಮೈಸೂರು ಅರಸರ ದಸರಾ 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಶುರುಮಾಡಿದ್ದು. 1799ರ ನಂತರ ರಾಜಧಾನಿಯೊಂದಿಗೆ ಮೈಸೂರಿಗೆ ಬಂತು. ಹಿಂದೆ ಅರಸರು ಅಂಬಾರಿಯಲ್ಲಿ ಅರಮನೆಯಿಂದ ಹೊರಟು, ಸುಮಾರು 5 ಕಿಲೋಮೀಟರ್ ಸಾಗಿ, ಊರ ಹೊರಗಿನ ಬನ್ನಿಮಂಟಪದಲ್ಲಿ ಮರಕ್ಕೆ ಪೂಜೆ ಸಲ್ಲಿಸಿ, ಸೇನೆಯ ಕವಾಯತು ನೋಡಿ, ಪಂಜಿನ ಬೆಳಕಿನಲ್ಲಿ ಹಿಂತಿರುಗುತ್ತಿದ್ದರು. ರಾಜಧನ ರದ್ದಾದ ಮೇಲೆ, 1970ರ ದಶಕದಿಂದ, 750 ಕಿಲೋ ತೂಕದ ಅಂಬಾರಿಯಲ್ಲಿ ಕೂರುವುದು ಚಾಮುಂಡೇಶ್ವರಿಯ ಉತ್ಸವಮೂರ್ತಿ. ರಾಜಮನೆತನದ ಶಮೀಪೂಜೆ, ಅಂದರೆ ಬನ್ನಿಮರದ ಪೂಜೆ, ಅರಮನೆಯ ಆವರಣದೊಳಗೇ ನಡೆಯುತ್ತದೆ. ಬನ್ನಿಮಂಟಪಕ್ಕೆ ಉಳಿದದ್ದು ಕವಾಯತು, ಅಶ್ವದಳ, ಮೋಟಾರ್ ಸೈಕಲ್ ಸಾಹಸ, ಪಟಾಕಿ.

ಧರ್ಮಶಾಸ್ತ್ರದ ನಿಬಂಧಗಳು, ವಿಶೇಷವಾಗಿ 17ನೇ ಶತಮಾನದ ‘ನಿರ್ಣಯಸಿಂಧು’ ಮತ್ತು 18ನೇ ಶತಮಾನದ ಕೊನೆಯ ‘ಧರ್ಮಸಿಂಧು’, ಈ ದಿನಕ್ಕೆ ಅಪರಾಜಿತಾಪೂಜೆ, ಶಮೀಪೂಜೆ, ಸೀಮೋಲ್ಲಂಘನ ಎಂಬ ವಿಧಿಗಳನ್ನು ಹೇಳುತ್ತವೆ. ಅಪರಾಹ್ನದಲ್ಲಿ ಊರ ಈಶಾನ್ಯಕ್ಕೆ ಹೋಗಬೇಕು, ಎಲ್ಲೆ ದಾಟಬೇಕು. ಬನ್ನಿಮಂಟಪ ಇರುವುದು ಅರಮನೆಯ ಉತ್ತರದ ದಿಕ್ಕಿಗೆ. ಅದೂ ಈಗ ಕಾಲೇಜು, ಆಸ್ಪತ್ರೆ, ಬಸ್ ಡಿಪೋ ತುಂಬಿದ ನಗರದ ಒಳಭಾಗ. ದಾಟುವುದಕ್ಕೆ ಸೀಮೆಯೇ ಉಳಿದಿಲ್ಲ.

ಮರದ ಬಗ್ಗೆ ಎರಡು ಕಥೆಗಳು ಎಲ್ಲರ ಬಾಯಲ್ಲೂ ಇವೆ. ಎರಡನ್ನೂ ಮೂಲಕ್ಕೆ ಹೋಗಿ ನೋಡುವುದು ಒಳ್ಳೆಯದು. ಪಾಂಡವರು ಅಜ್ಞಾತವಾಸಕ್ಕೆ ಹೊರಟಾಗ ಆಯುಧಗಳನ್ನು ಶಮೀವೃಕ್ಷದ ಮೇಲೆ ಬಚ್ಚಿಟ್ಟದ್ದು ಮಹಾಭಾರತದ ವಿರಾಟಪರ್ವದಲ್ಲಿದೆ: ಸ್ಮಶಾನದ ಬಳಿಯ ಮರ, ಜನ ಹತ್ತಿರ ಸುಳಿಯದಿರಲೆಂದು ಕಟ್ಟಿದ ಹೆಣ, ಎಲ್ಲವೂ ಸೇರಿ. ಅರ್ಜುನ ಉತ್ತರನಿಂದ ಆಯುಧ ಇಳಿಸಿಕೊಂಡದ್ದು ವಿಜಯದಶಮಿಯಂದು ಎಂಬುದು ಮಾತ್ರ ಅಲ್ಲಿಲ್ಲ. ಸುಶರ್ಮ ದನ ಹಿಡಿದದ್ದು ಸಪ್ತಮಿಗೆ, ಕೌರವರು ಬಂದದ್ದು ಮರುದಿನ ಅಷ್ಟಮಿಗೆ ಎಂದು ಮೂಲ ಹೇಳುತ್ತದೆ. ಪ್ರಚಲಿತ ಪಾಠದಲ್ಲಿ ಅದು ಕೃಷ್ಣಪಕ್ಷ. ಇನ್ನೊಂದು ಕಥೆ ರಘು ಮತ್ತು ಕೌತ್ಸರದು. ಗುರುದಕ್ಷಿಣೆಗಾಗಿ ಕೌತ್ಸ ಬೇಡಿದ 14 ಕೋಟಿ ಹೊನ್ನನ್ನು ಕುಬೇರ ಶಮೀವೃಕ್ಷದ ಮೇಲೆ ಸುರಿಸಿದ, ಅದಕ್ಕೇ ಬನ್ನಿ ಬಂಗಾರ ಎನ್ನುತ್ತಾರೆ. ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗದಲ್ಲಿ ಹೊನ್ನು ಸುರಿಯುವುದು ಬೊಕ್ಕಸದ ಮನೆಯೊಳಗೆ. ಮರ ಇಲ್ಲ, ದಶಮಿಯೂ ಇಲ್ಲ. ಜನ ಎರಡು ಹಳೆಯ ಕಥೆಗಳನ್ನು ತಂದು ತಮ್ಮ ಹಬ್ಬದ ಮರಕ್ಕೆ ಕಟ್ಟಿದ್ದಾರೆ. ಇದರಿಂದ ಹಬ್ಬದ ಬೆಲೆ ಕಡಿಮೆಯಾಗುವುದಿಲ್ಲ. ಹಬ್ಬ ಕಥೆಗಿಂತ ಗಟ್ಟಿಯಾಗಿತ್ತು ಎಂದಷ್ಟೇ ತಿಳಿಯುತ್ತದೆ. ಶಮಿಯ ಹಳೆಯ ಮಹಿಮೆ ಬೇರೆ: ಶಮಿಯಲ್ಲಿ ಬೆಂಕಿ ಅಡಗಿದೆ ಎಂಬುದು ವೈದಿಕ ನಂಬಿಕೆ, ಯಜ್ಞದ ಅರಣಿಗೆ ಶಮಿಯ ಮೇಲೆ ಬೆಳೆದ ಅರಳಿಯ ಮರವನ್ನು ಬಳಸುತ್ತಿದ್ದರು.

ನಮ್ಮ ಪ್ರಶ್ನೆಗೆ ಬೇಕಾದದ್ದು ಶಮೀಪೂಜೆಯಲ್ಲಿ ಹೇಳುವ ಮಾತು. ಈ ಮರ ಪಾಪವನ್ನು ಶಮನ ಮಾಡುತ್ತದೆ, ಶತ್ರುಗಳನ್ನು ನಾಶಮಾಡುತ್ತದೆ, ಅರ್ಜುನನ ಬಿಲ್ಲನ್ನು ಹೊತ್ತದ್ದು, ರಾಮನಿಗೆ ಪ್ರಿಯವಾದದ್ದನ್ನು ನುಡಿದದ್ದು ಎಂಬ ಅರ್ಥದ ಶ್ಲೋಕ ಅದು. ಪಾಪ ಮತ್ತು ಶತ್ರು ಒಂದೇ ಉಸಿರಿನಲ್ಲಿ ಬರುತ್ತವೆ. ಅರಸನ ಹಬ್ಬಕ್ಕೆ ಇದು ತಕ್ಕುದೇ. ಮಳೆಗಾಲ ಮುಗಿದು ದಂಡಯಾತ್ರೆಗೆ ಹೊರಡುವ ಮುನ್ನ ಹಿಂದಿನದು ತೊಳೆದುಹೋಗಬೇಕು, ಮುಂದಿನದು ಗೆಲ್ಲಬೇಕು. ಆದರೆ ಕರ್ಮಸಿದ್ಧಾಂತವನ್ನು ಬಿಗಿಯಾಗಿ ಹಿಡಿದವರಿಗೆ ಇದು ತೊಡಕು. ಆರಂಭವಾದ ಕರ್ಮ, ಅಂದರೆ ಪ್ರಾರಬ್ಧ, ಉಂಡೇ ತೀರಬೇಕು ಎನ್ನುವ ದರ್ಶನದಲ್ಲಿ ಮರಕ್ಕೆ ಸುತ್ತು ಬಂದರೆ ಪಾಪ ಹೋಗುವುದು ಹೇಗೆ? ಧರ್ಮಶಾಸ್ತ್ರ ಇದಕ್ಕೆ ಪ್ರಾಯಶ್ಚಿತ್ತವೆಂಬ ದಾರಿ ಇಟ್ಟಿದೆ. ಮನುಸ್ಮೃತಿಯ 11ನೆಯ ಅಧ್ಯಾಯ ಪಾಪ ಕಳೆಯುವ ಸಾಧನಗಳಲ್ಲಿ ಮೊದಲು ಹೆಸರಿಸುವುದೇ ತಪ್ಪನ್ನು ಹೊರಗೆ ಹೇಳಿಕೊಳ್ಳುವುದನ್ನು. ಆಮೇಲೆ ಅನುತಾಪ, ತಪಸ್ಸು, ಅಧ್ಯಯನ, ಆಪತ್ತಿನಲ್ಲಿ ದಾನ. ಶಾಸ್ತ್ರ ತಪ್ಪೊಪ್ಪಿಗೆಗೆ ಇಷ್ಟು ಎತ್ತರದ ಜಾಗ ಕೊಟ್ಟಿದ್ದರೂ ನಮ್ಮ ಯಾವ ದೊಡ್ಡ ಹಬ್ಬವೂ ಅದರ ಸುತ್ತ ಬೆಳೆಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪ್ರಾಯಶ್ಚಿತ್ತ ಒಬ್ಬೊಬ್ಬನ ಮತ್ತು ಅವನ ಪುರೋಹಿತನ ನಡುವಿನ ವ್ಯವಹಾರವಾಗಿಯೇ ಉಳಿಯಿತು.

ಯಹೂದಿ ದಶಮಿ ಬೆಳೆದದ್ದು ತಪ್ಪೊಪ್ಪಿಗೆಯ ಸುತ್ತಲೇ. ರೋಶ್ ಹಶಾನಾದಂದು ದೇವರು ಪ್ರತಿಯೊಬ್ಬರ ಖಾತೆ ತೆರೆದು ನೋಡುತ್ತಾನೆ, ಯೋಮ್ ಕಿಪ್ಪುರ್ ಸಂಜೆಗೆ ಮೊಹರು ಬೀಳುತ್ತದೆ ಎಂಬುದು ನಂಬಿಕೆ. ನಡುವಿನ ದಿನಗಳು ತಿರುಗಿ ಬರುವುದಕ್ಕೆ, ಅವರ ಮಾತಿನಲ್ಲಿ ತೆಶುವಾಕ್ಕೆ. ಪಶ್ಚಾತ್ತಾಪ, ಪ್ರಾರ್ಥನೆ, ದಾನ ಈ ಮೂರರಿಂದ ವಿಧಿಯ ಕಾಠಿಣ್ಯ ತಗ್ಗುತ್ತದೆ. ದೇವಾಲಯವಿದ್ದ ಕಾಲದಲ್ಲಿ ಮಹಾಯಾಜಕ ಜನರ ಪಾಪವನ್ನು ಒಂದು ಹೋತದ ತಲೆಯ ಮೇಲೆ ಒಪ್ಪಿಸಿ ಅದನ್ನು ಮರುಭೂಮಿಗೆ ಅಟ್ಟುತ್ತಿದ್ದ. ಕ್ರಿ.ಶ. 70ರಲ್ಲಿ ರೋಮನರು ದೇವಾಲಯ ಕೆಡವಿದ ಮೇಲೆ ಹೋತವೂ ಹೋಯಿತು, ಯಾಜಕನೂ ಹೋದ. ಉಳಿದದ್ದು ಸುಮಾರು 25 ಗಂಟೆಗಳ ನಿರ್ಜಲ ಉಪವಾಸ ಮತ್ತು ಬಾಯಿಬಿಟ್ಟು ಹೇಳುವ ತಪ್ಪೊಪ್ಪಿಗೆ. ಅದೂ ‘ನಾವು’ ಎಂದು ಬಹುವಚನದಲ್ಲಿ, ಎದೆ ಬಡಿದುಕೊಳ್ಳುತ್ತ.

ಇಲ್ಲಿ ಒಂದು ಕಟ್ಟುನಿಟ್ಟಾದ ಷರತ್ತಿದೆ. ಮನುಷ್ಯ ಮತ್ತು ದೇವರ ನಡುವಿನ ತಪ್ಪಿಗೆ ಈ ದಿನ ಪರಿಹಾರ ಕೊಡುತ್ತದೆ. ಮನುಷ್ಯ ಮತ್ತು ಮನುಷ್ಯನ ನಡುವಿನ ತಪ್ಪಿಗೆ, ನೊಂದವನನ್ನು ಸಮಾಧಾನಪಡಿಸುವ ತನಕ, ಕೊಡುವುದಿಲ್ಲ ಎಂದು ಯಹೂದಿ ಧರ್ಮಶಾಸ್ತ್ರದ ಹಳೆಯ ಸಂಕಲನ ಮಿಶ್ನಾ ಹೇಳುತ್ತದೆ. 12ನೇ ಶತಮಾನದ ಯಹೂದಿ ಪಂಡಿತ ಮೈಮೊನಿಡೀಸ್ ಇದನ್ನು ಕಾನೂನಿನಂತೆ ಬಿಡಿಸಿಟ್ಟ. ಕದ್ದದ್ದನ್ನು ಹಿಂತಿರುಗಿಸಿದರೆ ಸಾಲದು, ಹೋಗಿ ಕ್ಷಮೆ ಕೇಳಬೇಕು. ಆತ ಒಪ್ಪದಿದ್ದರೆ ಮೂವರು ಗೆಳೆಯರನ್ನು ಕರೆದುಕೊಂಡು ಹೋಗಬೇಕು. ಹಾಗೆ ಮತ್ತೆ, ಮೂರನೆಯ ಸಲವೂ. ಆಗಲೂ ಒಪ್ಪದಿದ್ದರೆ ಬಿಟ್ಟುಬಿಡಬಹುದು, ಕ್ಷಮಿಸದವನೇ ಆಗ ಪಾಪಿ. ನೊಂದವನು ಸತ್ತಿದ್ದರೆ ಹತ್ತು ಜನರೊಡನೆ ಅವನ ಗೋರಿಯ ಮುಂದೆ ನಿಂತು ತಪ್ಪು ಹೇಳಿಕೊಳ್ಳಬೇಕು. ಸರ್ವಶಕ್ತನಾದ ಒಬ್ಬನೇ ದೇವರನ್ನು ನಂಬುವ ಧರ್ಮ, ಆ ದೇವರ ಅಧಿಕಾರಕ್ಕೇ ಒಂದು ಗೆರೆ ಎಳೆದಿದೆ. ನೆರೆಯವನ ಪರವಾಗಿ ದೇವರು ಕ್ಷಮಿಸುವಂತಿಲ್ಲ. ನಾನು ಓದಿದ ಮಟ್ಟಿಗೆ ಯಹೂದಿ ಚಿಂತನೆಯ ಅತ್ಯಂತ ಖಚಿತವಾದ ಜಾಗ ಇದು.

ಈ ಧರ್ಮ ಮೈಸೂರು ರಾಜ್ಯಕ್ಕೆ ಪುಸ್ತಕದ ಮೂಲಕ ಮಾತ್ರ ಬಂದದ್ದಲ್ಲ. ಬೆಂಗಳೂರಿನ ಕಮರ್ಷಿಯಲ್ ಸ್ಟ್ರೀಟ್‌ನಲ್ಲಿ ಚಪ್ಪಲಿ ಅಂಗಡಿ ನಡೆಸಿದ ಬಾಗ್ದಾದಿ ಯಹೂದಿ ರೂಬಿನ್ ಮೋಸೆಸ್ ಅವರ ಮನೆತನ ಅಲ್ಲಿನ ಪುಟ್ಟ ಸಮುದಾಯಕ್ಕೆ ಆಸರೆಯಾಗಿತ್ತು. ಮೈಸೂರು ರಸ್ತೆಯಲ್ಲಿರುವ ಅವರ ಸಮಾಧಿಭೂಮಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ದೊರೆತದ್ದು.

ಬೌದ್ಧರ ದಶಮಿಯ ವಿಚಾರಕ್ಕೆ ಬಂದರೆ ಸ್ವಲ್ಪ ನಿಧಾನಿಸಬೇಕು. ಅಶೋಕ ಧಮ್ಮವನ್ನು ಸ್ವೀಕರಿಸಿದ ದಿನವೆಂಬ ನಂಬಿಕೆಯಿಂದ ಇದಕ್ಕೆ ಅಶೋಕ ವಿಜಯದಶಮಿ ಎಂಬ ಹೆಸರು. ಅಶೋಕನ ಶಾಸನಗಳಲ್ಲಿ ತಿಥಿಗಳು ಇಲ್ಲದಿಲ್ಲ. ಐದನೆಯ ಸ್ತಂಭಶಾಸನ ಅಷ್ಟಮಿ, ಚತುರ್ದಶಿ, ಪೂರ್ಣಿಮೆ, ತಿಷ್ಯ ಮತ್ತು ಪುನರ್ವಸು ನಕ್ಷತ್ರದ ದಿನಗಳನ್ನು ಹೆಸರಿಸುತ್ತದೆ. ಆಶ್ವಯುಜ ದಶಮಿ ಎಲ್ಲೂ ಬರುವುದಿಲ್ಲ. ಆದರೆ ಹೆಸರಿನ ಹಿಂದಿನ ವಿಚಾರ ಶಾಸನದ್ದೇ: ಕಳಿಂಗದ ಸಾವುನೋವಿನ ನಂತರ ಬರೆಸಿದ 13ನೆಯ ಶಿಲಾಶಾಸನದಲ್ಲಿ ಅಶೋಕ ಧರ್ಮವಿಜಯವೇ ಶ್ರೇಷ್ಠ ವಿಜಯ ಎನ್ನುತ್ತಾನೆ. ಎಲ್ಲ ಪಂಥಗಳ ಸಾರವೂ ಬೆಳೆಯಬೇಕು, ಪರಪಂಥವನ್ನು ಹಳಿಯಬಾರದು ಎನ್ನುವ 12ನೆಯ ಶಾಸನದ ಒಂದು ಪ್ರತಿ 1989ರಲ್ಲಿ ಕಲಬುರಗಿ ಸೀಮೆಯ ಸನ್ನತಿಯಲ್ಲಿ, ಚಂದ್ರಲಾಂಬಾ ಗುಡಿಯಲ್ಲಿ ಬೆಳಕಿಗೆ ಬಂತು. ದಂಡಯಾತ್ರೆಗೆಂದು ಮೀಸಲಾದ ದಿನವನ್ನು ಅಂಬೇಡ್ಕರ್ ದಂಡಯಾತ್ರೆ ಬಿಟ್ಟ ದೊರೆಯ ಹೆಸರಿಗೆ ತಿರುಗಿಸಿದರು. ಬನ್ನಿಮರದ ಕಥೆಗಳನ್ನು ಜನ ಹೇಗೆ ದಿನಕ್ಕೆ ಕಟ್ಟಿದರೋ ಇದೂ ಹಾಗೆಯೇ, ಆದರೆ ತಿಳಿದೂ ತಿಳಿದೂ ಮಾಡಿದ ಕೆಲಸ.

ಬೌದ್ಧರ ಹಳೆಯ ದಿನ ಇನ್ನೂ ಐದು ದಿನ ಆಚೆಗಿದೆ. ಭಿಕ್ಷುಗಳ ಮೂರು ತಿಂಗಳ ವರ್ಷಾವಾಸ ಆಶ್ವಯುಜ ಹುಣ್ಣಿಮೆಗೆ ಮುಗಿಯುತ್ತದೆ. ಅಂದು ನಡೆಯುವ ವಿಧಿಯ ಹೆಸರು ಪವಾರಣಾ. ವಿನಯಪಿಟಕದ ಮಹಾವಗ್ಗದಲ್ಲಿ ಅದಕ್ಕೊಂದು ಅಧ್ಯಾಯವೇ ಇದೆ. ಸಂಘದ ಮುಂದೆ ಪ್ರತಿಯೊಬ್ಬ ಭಿಕ್ಷುವೂ, ಹಿರಿಯನಿಂದ ಮೊದಲ್ಗೊಂಡು, ಕುಕ್ಕುರುಗಾಲಿನಲ್ಲಿ ಕೂತು ಕೈಮುಗಿದು ಕೇಳಿಕೊಳ್ಳುತ್ತಾನೆ: ನನ್ನಲ್ಲಿ ನೀವು ಕಂಡ, ನನ್ನ ಬಗ್ಗೆ ಕೇಳಿದ, ಅಥವಾ ಸಂದೇಹಪಟ್ಟ ತಪ್ಪಿದ್ದರೆ ಕರುಣೆಯಿಟ್ಟು ಹೇಳಿ, ತಿದ್ದಿಕೊಳ್ಳುತ್ತೇನೆ. ಮೂರು ಸಲ. ಈ ವಿಧಿ ಹುಟ್ಟಿದ ಸಂದರ್ಭವೂ ಸ್ವಾರಸ್ಯವಾಗಿದೆ. ಒಂದು ಗುಂಪಿನ ಭಿಕ್ಷುಗಳು ಜಗಳ ಬರದಿರಲೆಂದು ಮಳೆಗಾಲವಿಡೀ ಮೌನವಾಗಿದ್ದು, ಅದನ್ನು ಹೆಮ್ಮೆಯಿಂದ ಬುದ್ಧನಿಗೆ ಹೇಳಿಕೊಂಡರು. ಬುದ್ಧ ಮೆಚ್ಚಲಿಲ್ಲ, ದನಕುರಿಗಳಂತೆ ಒಟ್ಟಿಗಿದ್ದಿರಿ ಎಂದು ಗದರಿ, ಪರಸ್ಪರ ತಪ್ಪು ತೋರಿಸಿಕೊಳ್ಳುವ ಈ ಕ್ರಮ ವಿಧಿಸಿದ. ಮಾತಾಡದೆ ಕಾಪಾಡಿಕೊಂಡ ಶಾಂತಿಗೆ ಅಲ್ಲಿ ಬೆಲೆಯಿಲ್ಲ.

ಹಾಗೆಂದು ಪವಾರಣಾ ಪಾಪ ತೊಳೆಯುವುದಿಲ್ಲ. ಬೌದ್ಧರಲ್ಲಿ ಕರ್ಮವೆಂದರೆ ಚೇತನಾ, ಮಾಡುವ ಸಂಕಲ್ಪ. ಅದನ್ನು ಮನ್ನಿಸುವ ಸೃಷ್ಟಿಕರ್ತ ಇಲ್ಲ, ಶಾಶ್ವತವಾದ ಆತ್ಮವೂ ಇಲ್ಲ. ಕೊಲೆಗಡುಕನಾಗಿದ್ದ ಅಂಗುಲಿಮಾಲ ಅರ್ಹಂತನಾದ ಮೇಲೂ ಭಿಕ್ಷೆಗೆ ಹೋದಾಗ ಜನರ ಕಲ್ಲೇಟಿನಿಂದ ತಲೆಯೊಡೆದುಕೊಂಡು ಬಂದ. ಸಹಿಸಿಕೋ, ಇದು ನಿನ್ನ ಕರ್ಮದ ಫಲ ಎಂದಷ್ಟೇ ಬುದ್ಧ ಹೇಳಿದ. ಮೈಸೂರಿಗೆ ಹತ್ತಿರದ ಇನ್ನೊಂದು ಸಾಕ್ಷ್ಯ ಸಿಂಹಳದ ‘ಮಹಾವಂಸ’ದ್ದು. ಅಶೋಕನ ಕಾಲದಲ್ಲಿ ರಕ್ಖಿತ ಥೇರ ವನವಾಸ ಎಂಬ ನಾಡಿಗೆ, ಮಹಾದೇವ ಥೇರ ಮಹಿಷಮಂಡಲಕ್ಕೆ ಹೋದರು. ಮಹಾದೇವ ಅಲ್ಲಿ ಉಪದೇಶಿಸಿದ್ದು ದೇವದೂತ ಸುತ್ತವನ್ನು. ಮಹಿಷಮಂಡಲವನ್ನು ಶಾಸನತಜ್ಞ ಬಿ.ಎಲ್. ರೈಸ್ ಮೈಸೂರು ಎಂದರು, ಇನ್ನೊಬ್ಬ ಶಾಸನತಜ್ಞ ಫ್ಲೀಟ್ ಅದು ನರ್ಮದೆಯ ಮಾಹಿಷ್ಮತಿಯ ಸೀಮೆ ಎಂದರು. ಮಹಿಷನೇ ಬೌದ್ಧ ಅರಸನಾಗಿದ್ದ ಎಂದು ಈಗ ಕೆಲವರು ಹೇಳುವುದಕ್ಕೆ ಈ ಗ್ರಂಥ ಆಧಾರ ಕೊಡುವುದಿಲ್ಲ, ಅದು ಹೇಳುವುದು ನಾಡಿನ ಹೆಸರನ್ನಷ್ಟೇ. ದೇವದೂತ ಸುತ್ತದಲ್ಲಿ ಸತ್ತವನನ್ನು ಯಮ ವಿಚಾರಿಸುತ್ತಾನೆ: ಮುಪ್ಪು, ರೋಗ, ಸಾವು ಎಂಬ ದೂತರನ್ನು ನೀನು ನೋಡಲಿಲ್ಲವೇ? ಈ ಕೆಲಸ ನಿನ್ನ ತಾಯಿ ಮಾಡಿದ್ದಲ್ಲ, ತಂದೆ ಮಾಡಿದ್ದಲ್ಲ, ದೇವತೆಗಳು ಮಾಡಿದ್ದಲ್ಲ. ಮಾಡಿದವನು ನೀನು, ಉಣ್ಣುವವನೂ ನೀನು. ಇಷ್ಟು ಹೇಳಿ ಅವನು ಸುಮ್ಮನಾಗುತ್ತಾನೆ. ಖಾತೆ ತೆರೆದಿಟ್ಟ ಯಹೂದಿ ದೇವರಿಗೂ ಈ ಯಮನಿಗೂ ಮೇಲ್ನೋಟದ ಹೋಲಿಕೆ ಇದೆ. ಆದರೆ ಮೊಹರು ಬೀಳುವ ಮುಂಚೆ ಅಲ್ಲಿ ಅರ್ಜಿ ಹಾಕಬಹುದು. ಯಮನ ಬಳಿ ಮನ್ನಾ ಮಾಡುವ ಅಧಿಕಾರವೇ ಇಲ್ಲ.

ಇಷ್ಟಾದ ಮೇಲೆ ಬನ್ನಿಯ ಇನ್ನೊಂದು ಮುಖ ನೋಡಬೇಕು, ಅದು ಅರಮನೆಯದಲ್ಲ. ಧಾರವಾಡ, ವಿಜಯಪುರ, ಬೆಳಗಾವಿ ಕಡೆ ದಶಮಿಯ ಸಂಜೆ ಊರ ಹೊರಗಿನ ಬನ್ನಿಗಿಡಕ್ಕೆ ಪೂಜೆಯಾದ ಮೇಲೆ ಮನೆಮನೆಗೆ ಹೋಗಿ ಬನ್ನಿ ಕೊಡುತ್ತಾರೆ. ಹುಣಸೆಯೆಲೆಯಂಥ ಸಣ್ಣ ಎಲೆ, ಮುಳ್ಳು ತಪ್ಪಿಸಿ ಕಿತ್ತ ಎಸಳು, ಅಂಗಿಯ ಕಿಸೆಯಲ್ಲಿ ಒಂದು ಹಿಡಿ. ಚಿಕ್ಕವರು ಹಿರಿಯರ ಕೈಗಿತ್ತು ಕಾಲಿಗೆ ಬೀಳುತ್ತಾರೆ, ಓರಗೆಯವರು ಅಪ್ಪಿಕೊಳ್ಳುತ್ತಾರೆ: ‘ಬನ್ನಿ ತಗೊಂಡು ಬಂಗಾರದಂಗ ಇರೂಣ.’ ಕೊಟ್ಟ ಎಲೆ ದೇವರ ಜಗಲಿಗೆ ಇಲ್ಲವೇ ಅಂಗಡಿಯ ಗಲ್ಲಾಪೆಟ್ಟಿಗೆಗೆ. ಹೊಲದ ಬದುವಿಗೋ ಆಸ್ತಿಯ ಪಾಲಿಗೋ ಮಾತು ಬಿಟ್ಟವರು ಆವತ್ತು ಒಬ್ಬರ ಬಾಗಿಲಿಗೆ ಇನ್ನೊಬ್ಬರು ಹೋಗಬಹುದು, ಹೋದವನಿಗೆ ಸೋತೆನೆಂಬ ಅವಮಾನ ಅಂಟುವುದಿಲ್ಲ. ಮನೆಯ ಹಿರಿಯರು ‘ಇವತ್ತರ ಹೋಗಿ ಬನ್ನಿ ಕೊಟ್ಟು ಬಾ’ ಎಂದು ದೂಡುವುದೂ ಉಂಟು. ಶಮೀಪೂಜೆಯ ಶ್ಲೋಕದಲ್ಲಿ ಶತ್ರುನಾಶಕ್ಕಿದ್ದ ಎಲೆ ಇಲ್ಲಿ ಶತ್ರುವಿನ ಕೈ ಸೇರುತ್ತದೆ. ಶಾಸ್ತ್ರ ಹೇಳದೆ ಬಿಟ್ಟದ್ದನ್ನು ಜನ ಸೇರಿಸಿಕೊಂಡಿದ್ದಾರೆ. ಹಳೆ ಮೈಸೂರಿನ ಕಡೆ ಇದು ಇಷ್ಟು ಗಟ್ಟಿಯಾಗಿಲ್ಲದಿರುವುದಕ್ಕೆ ಅರಮನೆಯ ಮೆರವಣಿಗೆಯ ಭಾರವೇ ಕಾರಣವಿರಬಹುದು ಎಂಬುದು ನನ್ನ ಊಹೆ. ಧಾರವಾಡದ ಕಡೆ ದಶಮಿ ಮಾಡುವ ಹಬ್ಬ, ಮೈಸೂರಿನಲ್ಲಿ ನೋಡುವ ಹಬ್ಬ.

ನೊಂದವನ ಬಾಗಿಲಿಗೇ ಹೋಗಬೇಕು ಎನ್ನುವುದರಲ್ಲಿ ಬನ್ನಿ ಕೊಡುವ ಪದ್ಧತಿ ಮಿಶ್ನಾದ ಷರತ್ತಿಗೆ ಹತ್ತಿರ. ಒಂದು ವಿಷಯದಲ್ಲಿ ಮಾತ್ರ ಅದು ಯಹೂದಿ ಕ್ರಮ, ಪವಾರಣಾ ಎರಡರಿಂದಲೂ ದೂರ. ಯಹೂದಿ ಕ್ರಮದಲ್ಲಿ ತಪ್ಪು ಮಾಡಿದವನೇ ತಪ್ಪಿನ ಹೆಸರು ಹೇಳಬೇಕು. ಪವಾರಣಾದಲ್ಲಿ ಎದುರಿನವರು ಹೇಳಬೇಕು, ಕೇಳುವುದಷ್ಟೇ ಇವನ ಕೆಲಸ. ಬನ್ನಿ ಕೊಡುವಾಗ ತಪ್ಪಿನ ಹೆಸರನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಹಬ್ಬ ಕೆಟ್ಟಿತು. ಇದು ಬುದ್ಧ ಗದರಿದ ಮೌನಕ್ಕೆ ಹತ್ತಿರವಲ್ಲವೇ ಎಂದು ಯಾರಾದರೂ ಕೇಳಿದರೆ ಹೌದೆನ್ನಬೇಕಾಗುತ್ತದೆ. ಬದುವಿನ ಜಗಳ ಎಲೆ ಕೊಟ್ಟ ಮಾತ್ರಕ್ಕೆ ತೀರುವುದಿಲ್ಲ, ಹಿಂಗಾರಿ ಬಿತ್ತನೆಗೆ ಮತ್ತೆ ಏಳಬಹುದು. ಆದರೆ ಆ ಭಿಕ್ಷುಗಳು ಮಾತು ನಿಲ್ಲಿಸಿದ್ದರು. ಇವರು ನಿಂತ ಮಾತನ್ನು ಶುರುಮಾಡುತ್ತಾರೆ. ಎದುರಿನವನು ಒಪ್ಪದಿದ್ದರೆ ಏನು ಎಂಬುದಕ್ಕೂ ಮೂರರ ಉತ್ತರ ಬೇರೆ ಬೇರೆ. ಮೈಮೊನಿಡೀಸ್ ಮೂರು ಸಲದ ಮಿತಿ ಹಾಕಿದ. ಅಪರಾಧ ಬಗೆಹರಿಯದಿದ್ದರೆ ಆ ಭಿಕ್ಷುವಿನ ಪವಾರಣಾವನ್ನೇ ತಡೆಹಿಡಿಯಲು ವಿನಯದಲ್ಲಿ ಅವಕಾಶವಿದೆ. ಬನ್ನಿಗೆ ಅಂಥ ಕಾನೂನು ಯಾರೂ ಬರೆದಿಟ್ಟಿಲ್ಲ; ಈ ವರ್ಷ ಬಾಗಿಲು ತೆರೆಯದವನ ಮನೆಗೆ ಮುಂದಿನ ದಶಮಿಗೂ ಹೋಗಬಹುದು, ಅದರ ಮುಂದಿನ ದಶಮಿಗೂ.